ಹತ್ತಕ್ಕೆ ಆರು ಬಂದ ಸಂಸಾರ

ಮಹಾಪುರುಷರೆಲ್ಲ ಒಂದೊಂದು ಮಾತಿನಿಂದ ಲೋಕಪ್ರಸಿದ್ಧರಾಗಿದ್ದಾರೆ. ನಮ್ಮ ಯಜಮಾನರದೂ ಅಂಥದೊಂದು ಮಾತಿದೆ: "ಪರವಾಗಿಲ್ಲ." ವ್ಯತ್ಯಾಸವೆಂದರೆ, ಉಳಿದ ಮಹಾಪುರುಷರು ಆ ಒಂದು ಮಾತಿನ ಹಿಂದೆ ಮುಂದೆ ಬೇರೆ ಮಾತುಗಳನ್ನೂ ಆಡಿ ದಣಿದರು. ನಮ್ಮವರು ಆ ದುಂದುಗಾರಿಕೆಗೆ ಹೋಗಲಿಲ್ಲ.

ಈ "ಪರವಾಗಿಲ್ಲ"ದ ಪುರಾಣ ನಮ್ಮ ಬೀದಿಯಲ್ಲಿ ಮಕ್ಕಳ ಬಾಯಲ್ಲೂ ಇದೆ. ಮಗಳು ಹುಟ್ಟಿದಾಗ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಳು. ಇವರು ಕೈ ಹಿಂದೆ ಕಟ್ಟಿಕೊಂಡು, ಮೋಡ ನೋಡುವ ಹಾಗೆ ಅತ್ತಿತ್ತ ನೋಡಿ, "ಪರವಾಗಿಲ್ಲ" ಎಂದರು. ಬೇಡವೇನೋ ಎಂದುಕೊಂಡು ನರ್ಸಮ್ಮ ಮಗುವನ್ನು ವಾಪಸು ಒಳಗೆ ಕೊಂಡುಹೋದಳು. ಒಂದು ಸಲ ಹಲ್ಲಿನ ಡಾಕ್ಟರು ನೋಯುವ ಹಲ್ಲು ಬಿಟ್ಟು ಪಕ್ಕದ ಹಲ್ಲನ್ನು ಕಿತ್ತರು. ತಪ್ಪು ಗೊತ್ತಾಗಿ ಡಾಕ್ಟರು ಕೈಕಾಲು ಬಿಟ್ಟು ಕುಳಿತರೆ, ಇವರು ಬಾಯಿ ತುಂಬ ಹತ್ತಿ ಇಟ್ಟುಕೊಂಡೇ "ಪರವಾಗಿಲ್ಲ" ಎಂದು ಅವರ ಬೆನ್ನು ತಟ್ಟಿದರು. ಇನ್ನೊಮ್ಮೆ ಬಿರುಗಾಳಿಗೆ ನಮ್ಮ ಮಹಡಿಯ ತಗಡು ಹಾರಿ ಎದುರು ಮನೆಯ ಅಂಗಳಕ್ಕೆ ಬಿತ್ತು. ಬೀದಿಯವರೆಲ್ಲ ಎದೆ ಹಿಡಿದುಕೊಂಡು ಹೊರಗೋಡಿ ಬಂದಾಗ ಇವರು ಆಕಾಶದ ಕಡೆ ಮುಖ ಎತ್ತಿ "ಪರವಾಗಿಲ್ಲ" ಎಂದದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. (ಅದು ಗಾಳಿಗೆ ಕೊಟ್ಟ ಸರ್ಟಿಫಿಕೇಟು. ತಗಡಿನ ವಿಷಯ ಅವರಿಗೆ ಇನ್ನೂ ತಿಳಿದಿರಲಿಲ್ಲ.) ಅಡಿಗೆಗೆ ಉಪ್ಪು ಹಾಕುವುದು ಮರೆತರೂ ಪರವಾಗಿಲ್ಲ, ಎರಡು ಸಲ ಹಾಕಿದರೂ ಪರವಾಗಿಲ್ಲ. ಮರೆತು ಹಾಕಿದ್ದಲ್ಲ, ಪರೀಕ್ಷೆಗೆಂದೇ ಹಾಕಿದ್ದು.

ಇಂಥವರಿಗೆ ಹವಾಮಾನ ಕಚೇರಿಯಲ್ಲಿ ಕೆಲಸ. ಕಚೇರಿಯ ಹಿತ್ತಲಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಗೂಡು ಇದೆ. ಅದರ ಬಾಗಿಲು ತೆರೆದು, ಒಳಗಿನ ಥರ್ಮಾಮೀಟರು ನೋಡಿ, ಅಂಕಿ ಬರೆದು, ಬಾಗಿಲು ಮುಚ್ಚುವುದು. ಬಿಸಿಲಿಗೂ ಚಳಿಗೂ ಮಳೆಗೂ ಒಂದೇ ಮುಖ. ಬೀದಿಯಲ್ಲಿ ಇವರ ಹೆಸರೇ ಹವಾಮಾನ. "ಹವಾಮಾನ ಬಂದ್ರು, ಬಟ್ಟೆ ಒಣ ಹಾಕಬಹುದಾ ಕೇಳ್ರೇ" ಎಂದು ಹೆಂಗಸರು ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಾರೆ. ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ತಾರೀಖು ಒತ್ತುವವಳು. ದಿನವಿಡೀ "ಮೆಲ್ಲಗೆ ಮಾತಾಡಿ" ಎಂದು ಗದರಿ ಬರುವುದರಿಂದ ನನ್ನ ಪಾಲಿನ ಮಾತೆಲ್ಲ ಮನೆಗೇ ಉಳಿಯುತ್ತದೆ. ಹೀಗೆ ಒಬ್ಬರು ಆಡದೆ, ಒಬ್ಬರು ಆಡಿ, ಸಂಸಾರ ಸರಿದೂಗಿಸಿಕೊಂಡು ಬಂದಿದ್ದೆವು.

ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಳು. ಕುತ್ತಿಗೆಯಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಟ್ಯಾಬು, ಮುಖದಲ್ಲಿ ಬೆಳಗಿನಿಂದ ಬೇರೆಯವರ ಸಂತೋಷ ಅಳೆದು ಅಳೆದು ಬಂದ ಸುಸ್ತು. ಮನುಷ್ಯನ ಸಂತೋಷಕ್ಕೆ ಮೂಲ ಯಾವುದು ಎಂದು ದೊಡ್ಡದೊಂದು ಸಂಶೋಧನೆ ನಡೆಯುತ್ತಿದೆಯಂತೆ. ಬೀದಿಯ ಪ್ರತಿ ಮನೆಯಲ್ಲೂ ಒಬ್ಬರನ್ನು ಕೇಳುತ್ತಾರಂತೆ.

"ಕೇಳಮ್ಮ," ಎಂದು ನಾನು ಕುರ್ಚಿ ಎಳೆದುಕೊಂಡು ಕೂತೆ. "ಈ ಮನೇಲಿ ಮಾತಾಡೋಳು ನಾನೇ."

"ಯಾರನ್ನ ಕೇಳಬೇಕು ಅಂತ ಇದೇ ಆರಿಸುತ್ತೆ ಮೇಡಂ," ಎಂದು ಅವಳು ಟ್ಯಾಬನ್ನು ಒತ್ತಿದಳು. ಅದು ಯಜಮಾನರನ್ನು ಆರಿಸಿತು. ಯಂತ್ರಗಳಿಗೆ ಬುದ್ಧಿ ಬಂದಿದೆ ಎಂದು ಪತ್ರಿಕೆಗಳಲ್ಲಿ ಬರೆಯುವವರು ಆ ದಿನ ನಮ್ಮ ಮನೆಯಲ್ಲಿ ಇರಬೇಕಿತ್ತು.

ನಾನು ಟೀ ಮಾಡಲು ಎದ್ದೆ. ಕೈ ಒಲೆಯ ಹತ್ತಿರ, ಕಿವಿ ಹಜಾರದಲ್ಲಿ. ನಿದ್ದೆ ಹೇಗಿದೆ ಸರ್? ಪರವಾಗಿಲ್ಲ. ಕೆಲಸ? ಪರವಾಗಿಲ್ಲ. ನೆರೆಹೊರೆ? ಪರವಾಗಿಲ್ಲ. ಕೊನೆಗೆ ಹುಡುಗಿ ಅಳು ದನಿಯಲ್ಲಿ, "ಸರ್, ಇದರಲ್ಲಿ ಅಂಕ ಒತ್ತಬೇಕು. ಪರವಾಗಿಲ್ಲ ಅಂತ ಒತ್ತೋಕೆ ಬರಲ್ಲ. ಎಲ್ಲಾ ಸೇರಿ ಒಂದೇ ಕೇಳ್ತೀನಿ, ಒಟ್ಟಿನಲ್ಲಿ ನಿಮ್ಮ ಮನೆಯ ಸಂತೋಷಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಿ?" ಎಂದಳು.

ನಾನು ಟ್ರೇ ಹಿಡಿದು ಬಾಗಿಲಲ್ಲಿ ನಿಂತೆ. ಅವರು ಕಣ್ಣು ಮುಚ್ಚಿದರು. ತುಟಿ ಸ್ವಲ್ಪ ಅಲುಗಿತು. ಬೆರಳು ಮೊಣಕಾಲಿನ ಮೇಲೆ ಏನೋ ಬರೆದು ಕೆಳಗೊಂದು ಗೆರೆ ಎಳೆಯಿತು.

"ಆರು," ಎಂದರು.

ಟ್ರೇಯಲ್ಲಿದ್ದ ಟೀ ಕಪ್ಪಿನಿಂದ ಸಾಸರಿಗೆ ಬಂತು. ಹುಡುಗಿ ಅದನ್ನೇ ಕುಡಿದು, ಎರಡು ತಿಂಗಳು ಬಿಟ್ಟು ಇದೇ ಪ್ರಶ್ನೆ ಕೇಳಲು ಮತ್ತೆ ಬರುತ್ತೇನೆಂದು ಹೇಳಿ ಹೋದಳು. ಗೇಟು ಹಾಕಿದ ಸದ್ದು ಕೇಳುವವರೆಗೆ ನಾನು ತಡೆದುಕೊಂಡೆ.

"ಆರಾ?"

"ಹೂಂ."

"ಹತ್ತಕ್ಕೆ ಆರಾ?"

"ಹತ್ತಕ್ಕೇ ತಾನೆ ಅವಳು ಕೇಳಿದ್ದು."

"ಮನೆ ಅಂದ್ರೆ ಯಾರು ರೀ? ಗೋಡೆನಾ? ಕಿಟಕಿನಾ? ಮನೆ ಅಂದ್ರೆ ನಾನು. ನೀವು ಆರು ಕೊಟ್ಟಿದ್ದು ನನಗೆ."

"ನಿನಗೆ ಆರು ಕೊಟ್ಟಿಲ್ಲ."

"ಮತ್ತೆ ಯಾರಿಗೆ ಕೊಟ್ರಿ?"

"ಲೆಕ್ಕ ಹಾಕಿದೆ. ಆರು ಬಂತು."

"ಸಂತೋಷಕ್ಕೆ ಎಂಥ ಲೆಕ್ಕ?"

"ಆಫೀಸಲ್ಲಿ ಹಾಕೋ ಲೆಕ್ಕವೇ. ಹೇಳಿದ್ರೆ ನಿನಗೆ ಕೋಪ ಬರುತ್ತೆ."

"ನನಗೆ ಕೋಪನಾ? ನನಗೆ ಯಾವತ್ತು ಕೋಪ ಬಂದಿದೆ?" ಎಂದು ಕೇಳಿದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದ್ದರಿಂದ, ತೀರಾ ಮೆಲ್ಲಗೆ ಕೇಳಿರಲಾರೆ.

ಅವರು ಚಪ್ಪಲಿ ಮೆಟ್ಟಿಕೊಂಡು ಜಗಲಿಗೆ ಹೋದರು. ಅಲ್ಲಿ ಅವರದೊಂದು ಹಳೆಯ ಬೆತ್ತದ ಕುರ್ಚಿ. ಅದರಲ್ಲಿ ಕೂತರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ, ನನ್ನ ದನಿಯೂ ಅರ್ಧ ಗಾಳಿಗೆ ಹೋಗುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಆದರೆ ನಮ್ಮ ಮೇಲಿನ ಮಹಡಿಯಲ್ಲಿ ಬಾವ ಮತ್ತು ಅಕ್ಕ ಇದ್ದಾರೆ. ಬಾವ ಎಂದರೆ ಇವರ ಅಣ್ಣ, ಅಕ್ಕ ಎಂದರೆ ನನ್ನ ಓರಗಿತ್ತಿ. ಓರಗಿತ್ತಿ ಎಂಬ ಸಂಬಂಧವನ್ನು ದೇವರು ಸೃಷ್ಟಿಸಿದ್ದೇ ಹೆಂಗಸರು ಮೈಮರೆಯದಿರಲಿ ಎಂದು. ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕಿದರು.

"ಆ ಹುಡುಗಿ ನಮ್ಮ ಮನೆಗೂ ಬಂದಿದ್ಳು ಕಣೇ. ನಿಮ್ಮ ಬಾವ ಒಂಬತ್ತು ಅಂದ್ರು. ಒಂಬತ್ತೂವರೆ ಅನ್ನೋರಿದ್ರು, ಅರ್ಧ ಒತ್ತೋಕೆ ಬರಲ್ಲವಂತೆ. ನಿಮ್ಮದೆಷ್ಟು?"

"ನಮ್ಮೋರು ಇನ್ನೂ ಯೋಚನೆ ಮಾಡ್ತಿದ್ದಾರೆ ಅಕ್ಕ."

"ಆರು, ದೊಡ್ಡಮ್ಮ," ಎಂದಳು ಹಿಂದೆ ಬರುತ್ತಿದ್ದ ನನ್ನ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಸತ್ಯ ಹೇಳುವ ಚಟ ತಂದೆಯ ಕಡೆಯಿಂದ ಬಂದಿದೆ.

"ಆರಾ," ಎಂದರು ಅಕ್ಕ. ಸಾವಿನ ಮನೆಗೆ ಹೋದಾಗ ಬಳಸಲೆಂದು ತೆಗೆದಿಟ್ಟ ದನಿ ಅದು. "ಹೋಗಲಿ ಬಿಡು. ಪಾಸು ತಾನೆ."

ಬಾವ ಒಂಬತ್ತು ಎಂದಾಗ ಅಕ್ಕ ಆ ಹುಡುಗಿಯ ಬೆನ್ನ ಹಿಂದೆ ಕಣ್ಣು ಅಗಲಿಸಿಕೊಂಡು ನಿಂತಿದ್ದರೆಂಬ ಗುಪ್ತವಾರ್ತೆಯನ್ನು ಮಗಳು ಆಮೇಲೆ ತಂದುಕೊಟ್ಟಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಬೆನ್ನ ಹಿಂದೆ ನಿಲ್ಲುವ ಅವಕಾಶ ನನಗೂ ಇತ್ತು, ನಾನು ಟೀ ಮಾಡುತ್ತ ಕೆಟ್ಟೆ.

ಆದರೆ ನಿಜ ಹೇಳಬೇಕೆಂದರೆ ಅಕ್ಕನ ಒಂಬತ್ತಲ್ಲ ನನ್ನನ್ನು ಕೊರೆದದ್ದು. ಸಂಜೆ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಇವರು ಅದೇ ಕುರ್ಚಿಯಲ್ಲಿ ಅದೇ ಮೋಡ ನೋಡುತ್ತ ಕೂತಿದ್ದರು. ಇಷ್ಟು ವರ್ಷ ಈ ಮೌನವನ್ನು ತೃಪ್ತಿ ಎಂದೇ ನಂಬಿದ್ದೆ. ಈಗ ಅನುಮಾನ ಬಂತು. ಗಂಡಸು ಬಾಯಿ ಬಿಟ್ಟು ಹೇಳದೆ ನಾಲ್ಕು ಅಂಕದ ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಉಪ್ಪಿಲ್ಲದ ಊಟಕ್ಕೆ ಪರವಾಗಿಲ್ಲ ಎನ್ನುತ್ತ ದಿನ ನೂಕುತ್ತಿದ್ದಾರೆಯೇ? ಆ ನಾಲ್ಕು ಅಂಕ ಎಲ್ಲಿ ಬಿದ್ದುಹೋಯಿತು? ನನ್ನ ಕೈಯಿಂದಲೇ ಬಿತ್ತೇ? ಈರುಳ್ಳಿ ಹೆಚ್ಚುತ್ತಿದ್ದೆ, ಆದ್ದರಿಂದ ಕಣ್ಣೀರಿನ ಲೆಕ್ಕ ಸರಿಯಾಗಿ ಸಿಗಲಿಲ್ಲ.

ಪಾತಾಳದಲ್ಲಿದ್ದರೂ ಆ ನಾಲ್ಕನ್ನು ಎತ್ತಿ ತರುತ್ತೇನೆಂದು ಅಲ್ಲೇ ಸಂಕಲ್ಪ ಮಾಡಿದೆ.

ಆಯುಧಗಳಿಗೆ ಬರವಿರಲಿಲ್ಲ. ನಮ್ಮ ಗ್ರಂಥಾಲಯದಲ್ಲಿ ಸಂತೋಷದ ಬಗ್ಗೆಯೇ ಒಂದು ಕಪಾಟಿದೆ. ಜನ ಮುಗಿಬಿದ್ದು ಒಯ್ಯುತ್ತಾರೆ, ವಾಯಿದೆ ಮೀರಿಸಿ ತರುತ್ತಾರೆ, ದಂಡ ಕೇಳಿದರೆ ಜಗಳಕ್ಕೆ ನಿಲ್ಲುತ್ತಾರೆ. ಸಂತೋಷದ ಪುಸ್ತಕ ಓದಿದವನಷ್ಟು ಜಗಳಗಂಟನನ್ನು ನಾನು ಬೇರೆ ಯಾವ ಕಪಾಟಿನ ಮುಂದೆಯೂ ಕಂಡಿಲ್ಲ. ಒಂದು ವಾರ ಊಟದ ಬಿಡುವಿನಲ್ಲಿ ಅವನ್ನೆಲ್ಲ ಓದಿ ಮುಗಿಸಿದೆ. ವಿದ್ವಾಂಸರು ಜನ್ಮವೆಲ್ಲ ತೇದು ಕಂಡುಕೊಂಡದ್ದು ಇಷ್ಟು: ಹೊಸ ಸಾಮಾನಿನ ಸಂತೋಷ ಬೇಗ ಹಳತಾಗುತ್ತದೆ, ಅನುಭವದ ಸಂತೋಷ ಬಾಳುತ್ತದೆ. ನಾಲ್ಕು ಜನರ ಒಡನಾಟ ಬೇಕು. ಉಪಕಾರ ಮಾಡಬೇಕು. ಇದ್ದುದಕ್ಕೆ ಕೃತಜ್ಞತೆ ಹೇಳಬೇಕು. ನೆರೆಯವರೊಂದಿಗೆ ಹೋಲಿಸಿಕೊಳ್ಳಬಾರದು. (ಇದನ್ನು ಬರೆದವರಿಗೆ ಮೇಲಿನ ಮಹಡಿ ಇರಲಿಲ್ಲ.) ಕೊನೆಯ ಅಧ್ಯಾಯದಲ್ಲಿ ಒಬ್ಬರು, ಸಂತೋಷ ಬೇಕು ಬೇಕು ಎಂದು ಬೆನ್ನು ಹತ್ತಿದವರಿಗೆ ಅದು ಇನ್ನೂ ದೂರ ಸರಿಯುತ್ತದೆ ಎಂದೂ ಬರೆದಿದ್ದರು. ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಲೇಖಕರಿಗೂ ದಣಿವಾಗಿರುತ್ತದೆ. ಅದನ್ನು ಬಿಟ್ಟೆ.

ಮೊದಲನೆಯದು ಕೃತಜ್ಞತಾ ಪರ್ವ. ರಾತ್ರಿ ಊಟಕ್ಕೆ ಕೂತಾಗ, ಆ ದಿನ ನಡೆದ ಒಂದು ಒಳ್ಳೆಯದನ್ನು ಪ್ರತಿಯೊಬ್ಬರೂ ನೆನೆಯಬೇಕೆಂದು ಆಜ್ಞೆ ಹೊರಡಿಸಿದೆ.

"ಊಟ ಆದ್ಮೇಲೆ ನೆನೆದ್ರೆ ಆಗಲ್ವಾ ಅಮ್ಮ?" ಎಂದಳು ಮಗಳು.

"ಆಗಲ್ಲ. ಬಿಸಿಯಾಗಿರಬೇಕಾದ್ರೇ ನೆನೀಬೇಕು. ನೀವು ಹೇಳಿ ರೀ."

ಅವರು ಯೋಚಿಸಿದರು. ಸೂರ್ಯಚಂದ್ರರು ಕಾದು ನಿಂತರು. "ಇವತ್ತು ಗಾಳಿ ಕಡಿಮೆ ಇತ್ತು," ಎಂದರು.

"ಅಷ್ಟೇನಾ?"

"ವಾಯವ್ಯದಿಂದ ಇತ್ತು."

ಮಗಳು, ತನ್ನ ತಾಯಿ ಈ ಪುಸ್ತಕಗಳನ್ನು ತಿಂಡಿಯ ಹೊತ್ತಿಗೆ ತೆರೆಯದೆ ಊಟದ ಹೊತ್ತಿಗೆ ತೆರೆದದ್ದಕ್ಕಾಗಿ ತಾನು ಕೃತಜ್ಞಳು ಎಂದಳು. ನನ್ನ ಸರದಿ ಬಂತು. ನಾನು ಮನಸ್ಸಿನಿಂದಲೇ ಶುರು ಮಾಡಿದೆ. "ಈ ಮನೇಲಿ ಒಬ್ಬರು ಒದ್ದೆ ಟವೆಲನ್ನ ದಿನಾ ಹಾಸಿಗೆ ಮೇಲೆ ಹಾಕೋರು ಇವತ್ತು ಕುರ್ಚಿ ಮೇಲೆ ಹಾಕಿದಾರೆ, ಅದಕ್ಕೆ ನಾನು ಕೃತಜ್ಞಳು. ಇನ್ನೊಬ್ಬರು ಲೋಟ ತೊಳೆದಿಡದೇ ಇದ್ರೂ ಎಲ್ಲಿಟ್ಟಿದೀನಿ ಅಂತಾದ್ರೂ ಹೇಳಿದ್ರು, ಅದಕ್ಕೂ ಕೃತಜ್ಞಳು. ಮೊನ್ನೆ ಗ್ಯಾಸು ಮುಗಿದಾಗ…" ಹೀಗೆ ನೆನೆಯುತ್ತ ಹೋದಂತೆ ಒಂದೊಂದೇ ನೆನಪಾಗುತ್ತ ಹೋಯಿತು. ನಾನು ತಟ್ಟೆ ನೋಡುವ ಹೊತ್ತಿಗೆ ಅವರಿಬ್ಬರೂ ಕೈ ತೊಳೆದಿದ್ದರು. ತಣ್ಣಗಾದ ಅನ್ನ ತಿನ್ನುವವಳಿಗೆ ಕೃತಜ್ಞತೆ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಆ ಪುಸ್ತಕದಲ್ಲಿಲ್ಲ, ನಾನು ಕಂಡುಕೊಂಡದ್ದು.

ಆಮೇಲೆ ಉಪಕಾರ. "ರೀ, ದಿನಕ್ಕೊಂದು ಉಪಕಾರ ಮಾಡಿ. ಮಾಡಿಸಿಕೊಂಡೋರಿಗಿಂತ ಮಾಡಿದೋರಿಗೆ ಸಂತೋಷ ಜಾಸ್ತಿಯಂತೆ," ಎಂದೆ. ಅವರು ಆಗಲಿ ಎಂದರು. ಹೇಳಿದ್ದನ್ನು ಮಾಡುವುದರಲ್ಲಿ ಅವರಿಗೆ ಸಾಟಿಯಿಲ್ಲ. ಮರುದಿನ ಗ್ರಂಥಾಲಯದಿಂದ ಬಂದು ನೋಡಿದರೆ ಅಡಿಗೆಮನೆಯಲ್ಲಿ ಮಿಕ್ಸಿ ಇರಲಿಲ್ಲ.

"ಅತ್ತಿಗೆಗೆ ಕೊಟ್ಟೆ. ಅವರದು ಕೆಟ್ಟಿತ್ತಂತೆ."

"ಯಾವಾಗ ವಾಪಸು ಕೊಡ್ತಾರೆ?"

"ಕೇಳಿದ್ರೆ ಅದು ಉಪಕಾರ ಆಗಲ್ಲವಲ್ಲ."

"ಉಪಕಾರ ನಿಮ್ಮದು, ಮಿಕ್ಸಿ ನನ್ನದು."

"ಹೌದು," ಎಂದು ಅವರು ಒಪ್ಪಿಕೊಂಡರು. ಜಗಳವಾಡುವಾಗ ಎದುರಿನವರು ಒಪ್ಪಿಕೊಂಡುಬಿಟ್ಟರೆ ಆಗುವ ಹಿಂಸೆಯ ಬಗ್ಗೆ ಯಾವ ವಿಶ್ವವಿದ್ಯಾಲಯವೂ ಸಂಶೋಧನೆ ನಡೆಸಿಲ್ಲ. ಅಂದಿನಿಂದ ಬೆಳಿಗ್ಗೆ ನನ್ನ ತಲೆಯ ಮೇಲೆ, ಮಹಡಿಯಲ್ಲಿ, ನನ್ನ ಮಿಕ್ಸಿ ನನ್ನದೇ ದನಿಯಲ್ಲಿ ಕೂಗತೊಡಗಿತು. ಕೆಳಗೆ ನಾನು ಎಲ್ಲವನ್ನೂ ಕೈಯಲ್ಲಿ ಕುಟ್ಟಿದೆ. ಕುಟ್ಟುವಾಗ ಯಾರ ಮುಖ ನೆನೆದೆ ಎಂದು ಕೇಳಬೇಡಿ.

ಒಡನಾಟದ ಪರ್ವ ಇನ್ನೂ ಘೋರ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರೊಡನೆ ನಾಲ್ಕು ಮಾತಾಡಿದರೂ ಮನಸ್ಸು ಅರಳುತ್ತದೆಂದು ಓದಿದ್ದೆ. ಇವರನ್ನು ಅದಕ್ಕೂ ಹುರಿದುಂಬಿಸಿ ಕಳಿಸಿದೆ. ಮೊದಲ ದಿನ ಇವರು ಪಕ್ಕದವನಿಗೆ, "ನಿಮ್ಮ ಸಂತೋಷ ಹತ್ತಕ್ಕೆ ಎಷ್ಟು?" ಎಂದು ಕೇಳಿದರಂತೆ. ಅವನು ಮುಂದಿನ ನಿಲ್ದಾಣದಲ್ಲೇ ಇಳಿದುಹೋದನಂತೆ. "ಹಾಗೆ ಕೇಳಬಾರದು ರೀ, ಮಳೆ ಬಿಸಿಲು ಮಾತಾಡಬೇಕು," ಎಂದು ನಾನೇ ದಾರಿ ತೋರಿಸಿದೆ. ಅದೇ ನಾನು ಮಾಡಿದ ಎಡವಟ್ಟು. ಮಳೆ ಬಿಸಿಲು ಎಂದರೆ ಇವರು ಬಲ್ಲ ಏಕೈಕ ಶಾಸ್ತ್ರ. ಮೀನು ನೀರಿಗೆ ಬಿದ್ದಂತಾಯಿತು. ಶನಿವಾರ ಸಂಜೆ ಬಾಗಿಲು ಬಡಿದ ಸದ್ದಾಗಿ ತೆರೆದರೆ ಇವರ ಹಿಂದೆ ಒಬ್ಬ ಕೊಡೆ ರಿಪೇರಿಯವನು, ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರು, ಮತ್ತು ಎಲ್ಲಿಗೆ ಹೋಗಬೇಕೆಂದು ಮರೆತು ಇವರ ಜೊತೆ ಇಳಿದುಬಿಟ್ಟ ಒಬ್ಬ ಮುದುಕರು.

"ಬಸ್ಸಲ್ಲಿ ಸಿಕ್ಕಿದ್ರು," ಎಂದರು ಇವರು. "ಮುಂಗಾರಿನ ಬಗ್ಗೆ ಮಾತು ಇನ್ನೂ ಮುಗಿದಿಲ್ಲ. ಊಟಕ್ಕೆ ಇರ್ತಾರೆ."

ಊಟಕ್ಕಿದ್ದರು. ಊಟವಾದ ಮೇಲೂ ಇದ್ದರು. ಪೋಸ್ಟ್ ಮಾಸ್ಟರು ಎರಡನೇ ಸಲ ಬಡಿಸಿಕೊಂಡು, "ನಿಮ್ಮ ಮನೆಯಲ್ಲಿ ಬಹಳ ನೆಮ್ಮದಿ ಇದೆಯಮ್ಮ," ಎಂದು ನನ್ನನ್ನು ಹರಸಿದರು. ನಾನು ಆಗ ಕೈಯಲ್ಲಿ ಕುಟ್ಟುತ್ತಿದ್ದೆ. ನನ್ನ ಮುಖ ಅವರಿಗೆ ಕಾಣಲಿಲ್ಲ.

ಉಳಿದದ್ದು ಬ್ರಹ್ಮಾಸ್ತ್ರ, ಅನುಭವ. ಸಾಮಾನಿಗಿಂತ ಅನುಭವ ಮೇಲು ಎಂದು ಎಲ್ಲ ಪುಸ್ತಕಗಳೂ ಒಂದೇ ಬಾಯಲ್ಲಿ ಹೇಳಿದ್ದವು. ಊರಾಚೆಯ ಕೆರೆಯಲ್ಲಿ ದೋಣಿ ಬಾಡಿಗೆಗೆ ಸಿಗುತ್ತದೆ. ಭಾನುವಾರ ನಾವಿಬ್ಬರೇ ಹೋಗುವುದೆಂದು ತೀರ್ಮಾನಿಸಿದೆ.

"ಮಧ್ಯಾಹ್ನ ಮಳೆ ಬರುತ್ತೆ," ಎಂದರು ಇವರು, ಹೊರಡುವಾಗ.

"ನಿಮ್ಮ ಆಫೀಸಿನೋರು ಹೇಳಿದ ಮಳೆ ಯಾವತ್ತು ಬಂದಿದೆ?"

"ಇದು ನಾನು ಹೇಳ್ತಿರೋದು."

"ಮಳೆಗೆ ಹೆದರಿ ಮನೇಲಿ ಕೂತೋರಿಗೆ ಅನುಭವ ಎಲ್ಲಿಂದ ಬರಬೇಕು? ನಡೀರಿ."

ದೋಣಿಯಲ್ಲಿ ಇಬ್ಬರಿಗೂ ಒಂದೊಂದು ಹುಟ್ಟು. ಕೆರೆಯ ನಡುವಿಗೆ ಬಂದಾಗ ಇವರು ಹುಟ್ಟು ಮಡಿಲಲ್ಲಿಟ್ಟುಕೊಂಡು ತಲೆ ಎತ್ತಿದರು. ದೂರದಲ್ಲಿ ಒಂದು ಮೋಡ. ಅವರು ಮೋಡ ನೋಡಿದರು, ನಾನು ಹುಟ್ಟು ಹಾಕಿದೆ. ಒಂದೇ ಕಡೆ ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗುವುದಿಲ್ಲ, ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತುತ್ತದೆ. ಸುತ್ತಿ ಸುತ್ತಿ ನನಗೆ ತಲೆ ತಿರುಗಿತು. ದಡದ ಮೇಲಿದ್ದವರು ಕೈ ಬೀಸಿದರು. ಮಕ್ಕಳಿಗೆ ನಾವು ಮೋಜಿನ ಆಟವಾಗಿ ಕಂಡಿರಬೇಕು.

"ರೀ, ಹುಟ್ಟು ಹಾಕ್ರೀ."

"ಒಂದು ನಿಮಿಷ. ಎಂಥ ಮೋಡ ನೋಡು."

ಆ ಮೋಡ ನೇರವಾಗಿ ನಮ್ಮ ಮೇಲೆ ಬಂದು ನಿಂತು ತನ್ನಲ್ಲಿದ್ದುದನ್ನೆಲ್ಲ ಸುರಿಯಿತು. ನಾನು ತಲೆಗೆ ಕೈಚೀಲ ಹಿಡಿದುಕೊಂಡು, ಇವರ ಕಚೇರಿ, ಇವರ ವಂಶ, ಆ ಹುಡುಗಿ, ಅವಳ ವಿಶ್ವವಿದ್ಯಾಲಯ ಎಲ್ಲವನ್ನೂ ನೆನೆದು ಕೂಗುತ್ತಿದ್ದೆ. ಇವರು ಅಂಗೈ ಚಾಚಿ ಹನಿ ಹಿಡಿದು, ಮುಖದಿಂದ ನೀರಿಳಿಯುತ್ತಿರುವಾಗ, "ಪರವಾಗಿಲ್ಲ," ಎಂದರು. ಮನೆಗೆ ಬಂದು ನಾನು ಮಲಗಿದವಳು ಆ ವಾರವೆಲ್ಲ ಸೀನುತ್ತಲೇ ಇದ್ದೆ. ಇವರಿಗೆ ಒಂದು ಕೆಮ್ಮೂ ಬರಲಿಲ್ಲ.

ಆದರೂ ನಾನು ಎದೆಗುಂದಲಿಲ್ಲ. ಇಷ್ಟೆಲ್ಲ ಪಟ್ಟಿದ್ದಕ್ಕೆ ಫಲ ಇರದೆ ಹೋಗುತ್ತದೆಯೇ? ಮನುಷ್ಯ ನಾಲ್ಕು ಜನರ ಜೊತೆ ಕೂತು ಊಟ ಮಾಡಿದ್ದಾರೆ, ಉಪಕಾರ ಮಾಡಿದ್ದಾರೆ, ಮಳೆಯಲ್ಲಿ ನೆಂದಿದ್ದಾರೆ. ಹತ್ತು ಬರದಿದ್ದರೂ ಒಂಬತ್ತಕ್ಕೆ ಮೋಸವಿಲ್ಲ. ಮೆಟ್ಟಿಲ ಮೇಲೆ ಅಕ್ಕನಿಗೂ ಸೂಚ್ಯವಾಗಿ ಹೇಳಿದೆ. "ಈ ಸಲ ನೋಡಿ ಅಕ್ಕ."

ಅಕ್ಕ ನೋಡಲು ಬಂದೇ ಬಂದರು. ಹುಡುಗಿ ಎರಡನೆಯ ಸಲ ಬಂದು ಹಜಾರದಲ್ಲಿ ಕೂತು ಐದು ನಿಮಿಷವಾಗಿರಲಿಲ್ಲ, ಮಿಕ್ಸಿಯ ಚಿಕ್ಕ ಜಾರಿಗೆ ಮುಚ್ಚಳ ಕೇಳುವ ನೆಪದಲ್ಲಿ ಇಳಿದು ಬಂದು, ನಿಲ್ಲುವುದಕ್ಕಿಂತ ಕೂರುವುದು ವಾಸಿ ಎಂದು ಸೋಫಾದ ಮೇಲೆ ಕೂತರು. ಮಗಳು ಬಾಗಿಲಿಗೆ ಒರಗಿ ನಿಂತಳು. ಈ ಸಲ ನಾನು ಟೀ ಮಾಡಲು ಹೋಗಲಿಲ್ಲ. ಹುಡುಗಿಯ ಬೆನ್ನ ಹಿಂದೆ ಗಟ್ಟಿಯಾಗಿ ನಿಂತು, ಇವರ ಮುಖಕ್ಕೆ ನೇರವಾಗಿ, ಎರಡು ತಿಂಗಳ ನನ್ನ ತಪಸ್ಸನ್ನೆಲ್ಲ ಕಣ್ಣಿಗೆ ತಂದುಕೊಂಡೆ.

"ಕೊನೇ ಪ್ರಶ್ನೆ ಸರ್. ಒಟ್ಟಿನಲ್ಲಿ ನಿಮ್ಮ ಮನೆಯ ಸಂತೋಷಕ್ಕೆ ಹತ್ತಕ್ಕೆ ಎಷ್ಟು?"

ಅವರು ನನ್ನನ್ನು ನೋಡಿದರು. ಬಹಳ ಹೊತ್ತು, ಗೂಡಿನ ಬಾಗಿಲು ತೆರೆದು ಒಳಗಿನ ಗಾಜಿನ ಕೊಳವೆಯನ್ನು ನೋಡುವವರ ಹಾಗೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ತುಟಿ ಅಲುಗಿತು. ಬೆರಳು ಮೊಣಕಾಲಿನ ಮೇಲೆ ಗೆರೆ ಎಳೆಯಿತು.

"ಐದು."

ಸೋಫಾದ ಕಡೆಯಿಂದ, "ಅಯ್ಯೋ ಪಾಪ," ಎಂಬ ಮೃದುವಾದ ದನಿ ಬಂತು.

ಆಮೇಲೆ ನಾನು ಏನು ಹೇಳಿದೆನೋ ನನಗೆ ಪೂರ್ತಿ ನೆನಪಿಲ್ಲ. ತಣ್ಣಗಿನ ಅನ್ನದಿಂದ ಶುರುವಾಗಿ ಕೆರೆಯವರೆಗೆ ಹೋಯಿತೆಂದು ಮಗಳು ಹೇಳುತ್ತಾಳೆ. ಹುಡುಗಿ ಟ್ಯಾಬನ್ನು ಎದೆಗೆ ಅವಚಿಕೊಂಡು ಕುರ್ಚಿಯ ತುದಿಗೆ ಬಂದಿದ್ದಳು. "ಆರಿದ್ದಿದ್ದು ಐದು ಹೇಗಾಯ್ತು ರೀ? ಇಷ್ಟೆಲ್ಲಾ ಮಾಡಿದ್ದು ನಿಮ್ಮ ಸಂತೋಷಕ್ಕೆ ತಾನೆ? ನನ್ನ ಜೊತೆ ಬಾಳೋದು ಅಷ್ಟು ಕಷ್ಟನಾ ನಿಮಗೆ? ಬಾಯಿ ಬಿಟ್ಟು ಹೇಳಿ, ಎಲ್ಲರ ಎದುರಿಗೂ ಹೇಳಿ." ಕೊನೆಯ ಮಾತಿಗೆ ಬರುವಾಗ ನನ್ನ ದನಿ ಒಡೆಯಿತು. ಅದು ನಾಟಕವಲ್ಲ.

ಇವರಿಗೆ ಗಾಬರಿಯಾಯಿತು. ಬಿರುಗಾಳಿಗೂ ಆಗದ ಗಾಬರಿ. "ನನಗೇನು ಕಷ್ಟ? ನನ್ನದು ಹತ್ತು," ಎಂದರು.

"ಏನು ಹತ್ತು?"

"ನನ್ನ ಸಂತೋಷ. ಅವತ್ತೂ ಹತ್ತು, ಇವತ್ತೂ ಹತ್ತು. ಮನೆ ಇದೆ, ಆಕಾಶ ಇದೆ, ನೀವಿಬ್ಬರೂ ಇದೀರಿ. ಇನ್ನೇನು ಬೇಕು?"

ಅವರ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತುಗಳು ಬಂದದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಹತ್ತು. ನನ್ನ ಗಂಡನ ಸಂತೋಷ ಹತ್ತಕ್ಕೆ ಹತ್ತು. ಮೈಯೆಲ್ಲ ಹಗುರವಾಯಿತು. ನಾನು ನಿಧಾನವಾಗಿ, ಒಂದು ಸಾಮ್ರಾಜ್ಯ ಗೆದ್ದವಳ ಗಾಂಭೀರ್ಯದಿಂದ, ಸೋಫಾದ ಕಡೆ ತಿರುಗಿದೆ.

"ಕೇಳಿದ್ರಾ ಅಕ್ಕ? ಹತ್ತಂತೆ. ಯಾರೂ ಬೆನ್ನ ಹಿಂದೆ ನಿಂತು ಹೇಳಿಸಿದ್ದಲ್ಲ."

"ನೀನು ಅಲ್ಲೇ ನಿಂತಿದೀಯಲ್ಲೇ," ಎಂದರು ಅಕ್ಕ.

"ಅದಿರಲಿ ಸರ್, ಹಾಗಾದ್ರೆ ನೀವು ಐದು ಅಂತ ಯಾಕೆ ಹೇಳಿದ್ರಿ?" ಎಂದು ಹುಡುಗಿ ಬೆರಳನ್ನು ಟ್ಯಾಬಿನ ಮೇಲೆ ಇಟ್ಟುಕೊಂಡೇ ಕೇಳಿದಳು.

"ನೀವು ಕೇಳಿದ್ದು ಮನೆಯದು. ನನ್ನೊಬ್ಬನದಲ್ಲ," ಎಂದರು ಇವರು. "ನಮ್ಮ ಆಫೀಸಲ್ಲಿ ಒಂದು ದಿನದ ಸರಾಸರಿ ತೆಗೆಯೋದು ಹೀಗೆ. ಬೆಳಗಿಂದ ರಾತ್ರಿವರೆಗೆ ನೂರು ಥರ ಬಿಸಿ ಇರುತ್ತೆ, ಎಲ್ಲಾ ಬರ್ಕೊಂಡು ಕೂರೋಕಾಗಲ್ಲ. ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಎರಡನ್ನೂ ಕೂಡಿಸಿ ಅರ್ಧ ಮಾಡೋದು. ಮನೆಗೂ ಹಾಗೇ ಮಾಡಿದೆ. ಅತಿ ಹೆಚ್ಚು ನಾನು."

"ಮತ್ತೆ ನಾನು ಅಪ್ಪ?" ಎಂದಳು ಮಗಳು.

"ನೀನು ಮಧ್ಯದಲ್ಲೆಲ್ಲೋ ಇರ್ತೀಯ. ನಿನ್ನನ್ನ ಲೆಕ್ಕಕ್ಕೆ ತಗೊಳ್ಳಲ್ಲ."

ಮಗಳು ಲೆಕ್ಕದಲ್ಲಿ ಚುರುಕು. ಅದೂ ತಂದೆಯ ಕಡೆಯದೇ. "ಆಗ ಆರು ಅಂದ್ರೆ, ನಿಮ್ಮದು ಹತ್ತು, ಅಮ್ಮಂದು ಎರ…" ಎಂದು ಬೆರಳು ಮಡಿಸಿದವಳು, ನನ್ನ ಮುಖ ನೋಡಿ ಬೆರಳನ್ನು ಹಿಂದೆ ಬಚ್ಚಿಟ್ಟುಕೊಂಡಳು. ಹುಡುಗಿ ತಲೆ ಬಗ್ಗಿಸಿ ಟ್ಯಾಬಿನಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಓದತೊಡಗಿದಳು. ಅಕ್ಕ ಸೋಫಾದ ಮೇಲೆ ಇನ್ನಷ್ಟು ಆರಾಮವಾಗಿ ಕೂತರು.

ಐದಕ್ಕೆ ಬೇಕಾದ ಲೆಕ್ಕವನ್ನು ನಾನೇ ಮನಸ್ಸಿನಲ್ಲಿ ಹಾಕಿದೆ. ಗ್ರಂಥಾಲಯದಲ್ಲಿ ದಂಡ ಕೂಡಿಸುವವಳಿಗೆ ಅಷ್ಟು ಬರುತ್ತದೆ. ಎರಡು ಸಲ ಹಾಕಿದರೂ ಅದೇ ಬಂತು.

"ಸೊನ್ನೆನಾ?" ಎಂದೆ. ಮೆಲ್ಲಗೇ ಎಂದೆ, ಎದುರು ಮನೆಯ ಕಿಟಕಿ ತೆರೆಯಲಿಲ್ಲ. "ಈ ಮನೇಲಿ ಸಂತೋಷಕ್ಕೋಸ್ಕರ ಎರಡು ತಿಂಗಳು ಹಗಲೂ ರಾತ್ರಿ ಒದ್ದಾಡಿದೋಳು ನಾನು. ನನಗೆ ಸೊನ್ನೆ ಕೊಟ್ರಾ ರೀ?"

"ಏನು ಮಾಡೋದು," ಎಂದರು ಯಜಮಾನರು. "ನಮ್ಮ ಥರ್ಮಾಮೀಟರಲ್ಲಾದ್ರೆ ಸೊನ್ನೆ ಕೆಳಗೂ ಗೆರೆ ಇದೆ. ಇವರದರಲ್ಲಿ ಇಲ್ಲ."